ತಂತಿಗಿಂತ ಮೊದಲು ಬಂದ ಕರೆಂಟು

ನಮ್ಮೂರು ಐರಣಿಯಲ್ಲಿ ಕರೆಂಟು ಯಾವಾಗ ಬಂತು ಅಂತ ಹಿರಿಯರನ್ನು ಕೇಳಿದರೆ ಕಂಬ ನೆಟ್ಟ ಕಾಲವನ್ನು ನೆನಪು ಮಾಡಿಕೊಳ್ಳುತ್ತಾರೆ. ಆ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಕಂಬ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಕರೆಂಟು ಈ ಕಡೆಗೆ ಗಾಲಿಯ ಮೇಲೆ ಬಂದಿತ್ತು. ಲಾರಿಯ ಡೈನಮೋದಲ್ಲಿ ಬಂತು, ಟೆಂಟ್ ಸಿನಿಮಾದವರ ಜನರೇಟರಿನಲ್ಲಿ ಬಂತು, ಮೈಕ್ ಸೆಟ್ಟಿನವನು ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು ತಂದ ಬ್ಯಾಟರಿಯಲ್ಲಿ ಬಂತು. ಬೆಲ್ಟು ತಿರುಗಿದರೆ ಇರುತ್ತಿತ್ತು, ನಿಂತರೆ ಇಲ್ಲ. ರಾಣೇಬೆನ್ನೂರಿನ ಹೈವೇ ಬದಿಯ ಗ್ಯಾರೇಜುಗಳಲ್ಲಿ ಡೈನಮೋ ಬಿಚ್ಚುತ್ತ, ಬ್ಯಾಟರಿ ತುಂಬಿಸುತ್ತ ಬದುಕು ಕಳೆದ ನನಗೆ ಆ ಕರೆಂಟೇ ಮೊದಲನೆಯದು. ಅದರ ಕಥೆಯನ್ನು ಯಾರೂ ಬರೆದಿಟ್ಟಂತಿಲ್ಲ. ಆದರೆ ಇವತ್ತಿಗೂ ಹೊಲದಲ್ಲಿ ಒಂದು ಯಂತ್ರ ಕೆಟ್ಟು ನಿಂತರೆ, ಕೆಟ್ಟದ್ದು ಎಲ್ಲಿ ಎಂದು ಹುಡುಕಲು ಆ ಕಥೆಯೇ ಬೇಕಾಗುತ್ತದೆ.

ಹೊಳೆಯೇ ಗಡಿ

ಐರಣಿ ತುಂಗಭದ್ರೆಯ ಎಡದಂಡೆಯ ಊರು. ಹಾಳುಬಿದ್ದ ಕೋಟೆ, ಹೊಳೆಮಠ. ಹೊರಗಿನವರಿಗೆ ಊರಿನ ಪರಿಚಯ ಇಷ್ಟೇ. ಹೊಳೆ ದಾಟಿ ಬರುವವರ ಮೇಲೆ ಕಣ್ಣಿಡಲು ಕಟ್ಟಿದ ಕೋಟೆ ಅದು. 1800ರ ಜೂನ್ ತಿಂಗಳಲ್ಲಿ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಬಂಡುಕೋರ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಹರಿಹರದ ಹತ್ತಿರ ತುಂಗಭದ್ರೆ ದಾಟಿದಾಗ ಅವನ ಸೇನೆಯ ಕೈಗೆ ಬಂದ ಕೋಟೆಗಳಲ್ಲಿ ಐರಣಿಯೂ ಒಂದು, ರಾಣೇಬೆನ್ನೂರೂ ಒಂದು. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದ ಮೇಲೆ ಈ ದಡ ಮುಂಬಯಿ ಪ್ರಾಂತಕ್ಕೆ ಸೇರಿತು. ಹರಿಹರದ ದಡ ಮೈಸೂರು ಸಂಸ್ಥಾನವಾಗಿಯೇ ಉಳಿಯಿತು. ಮುಂದೆ ಒಂದು ಶತಮಾನಕ್ಕೂ ಮೀರಿ ಹೊಳೆಯೇ ಎರಡು ಸರ್ಕಾರಗಳ ನಡುವಿನ ಗಡಿ.

ಆಚೆಯ ಸಂಸ್ಥಾನದಲ್ಲಿ ಕರೆಂಟಿನ ಕೆಲಸ ಬೇಗ ಶುರುವಾಯಿತು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 147 ಕಿಲೋಮೀಟರ್ ತಂತಿ ಎಳೆದಿದ್ದರು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿತು. 1941ರಲ್ಲಿ ಹರಿಹರದಲ್ಲೇ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನಿಂತು ಲೇತ್ ಯಂತ್ರ ಮಾಡತೊಡಗಿತು. ಹೊಳೆಯಾಚೆ ಯಂತ್ರಗಳನ್ನು ಮಾಡುವ ಯಂತ್ರ ತಯಾರಾಗುತ್ತಿದ್ದ ಕಾಲಕ್ಕೆ ಈಚೆಯ ಹಳ್ಳಿಗಳಲ್ಲಿ ಕಂದೀಲು, ಚಿಮಣಿ. ಮದುವೆಗೆ, ಬಯಲಾಟಕ್ಕೆ ಗ್ಯಾಸ್‌ಬತ್ತಿ.

1956ರ ನವೆಂಬರ್ 1ಕ್ಕೆ ಎರಡೂ ದಡ ಒಂದೇ ರಾಜ್ಯಕ್ಕೆ ಸೇರಿ ಗಡಿ ಅಳಿಸಿತು. ಮರುವರ್ಷ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. ಅರವತ್ತರ ದಶಕದ ನಡುವೆ ಶರಾವತಿಯ ಕರೆಂಟು ಹರಿಯತೊಡಗಿದ ಮೇಲೆ ಹಳ್ಳಿಹಳ್ಳಿಗೂ ಕಂಬ ನಡೆದವು. ಆದರೆ ಊರಿಗೆ ಬಂದ ತಂತಿ ಹೊಲಕ್ಕೆ ಹೋಗಲು ಮತ್ತಷ್ಟು ವರ್ಷ ಬೇಕಾದವು. ಹೊಲಕ್ಕೆ ಹೋದದ್ದೂ ಇಡೀ ದಿನ ಇರಲಿಲ್ಲ. ಈ ನಡುವಿನ ಖಾಲಿ ಜಾಗದಲ್ಲೇ ನಮ್ಮ ಕಸುಬು ಹುಟ್ಟಿ ಬೆಳೆದದ್ದು.

ಗಿರಣಿಯ ಸದ್ದು

ತಂತಿಯಿಲ್ಲದ ಊರಿಗೆ ಮೊದಲು ಕಾಲಿಟ್ಟದ್ದು ಎಣ್ಣೆ ಇಂಜಿನ್. ಅದರ ಹೆಸರು ಹೇಳುವಾಗ ಈ ಭಾಗದವರೇ ಆದ ಒಬ್ಬರನ್ನು ನೆನೆಯಬೇಕು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ಮಣ್ಣಿಗೆ ವಿಷ ಎಂದು ರೈತರು ಮೊದಮೊದಲು ಅದನ್ನು ಮುಟ್ಟಲೇ ಇಲ್ಲ. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. 1946ರಲ್ಲಿ, ಒಂದೇ ವರ್ಷದಲ್ಲಿ, ಪುಣೆಯಲ್ಲಿ ಆಯಿಲ್ ಇಂಜಿನ್ ಕಂಪನಿಯೂ ಬೆಂಗಳೂರಿನಲ್ಲಿ ಮೋಟಾರು, ಜನರೇಟರು ಮಾಡುವ ಎಲೆಕ್ಟ್ರಿಕ್ ಕಂಪನಿಯೂ ಶುರುವಾದವು. ತಿರುಗಿಸುವುದು ಒಂದು ಕಡೆ, ತಿರುಗಿದ್ದನ್ನು ಕರೆಂಟು ಮಾಡುವುದು ಇನ್ನೊಂದು ಕಡೆ. ಮುಂದೆ ನಮ್ಮ ಹೊಲಗಳಲ್ಲಿ ಇವೆರಡೂ ಒಂದೇ ಚೌಕಟ್ಟಿನ ಮೇಲೆ ಕೂತವು.

ಹೊಳೆದಂಡೆಯ ತೋಟಗಳಿಗೆ ನೀರೆತ್ತಲು ಬಂದ ಇಂಜಿನ್ನು ಸಾಮಾನ್ಯವಾಗಿ 5 ಅಶ್ವಶಕ್ತಿಯದು, ನಿಮಿಷಕ್ಕೆ 1500 ಸುತ್ತಿನದು. ಹ್ಯಾಂಡಲ್ ಹಾಕಿ ತಿರುವಿ, ಲಿವರ್ ಬಿಟ್ಟರೆ ಹತ್ತಿಕೊಳ್ಳುತ್ತಿತ್ತು. ಅದರಲ್ಲಿ ಬ್ಯಾಟರಿ ಇಲ್ಲ, ವೈರಿಲ್ಲ, ಬಲ್ಬಿಲ್ಲ. ಊರೊಳಗಿನ ಹಿಟ್ಟಿನ ಗಿರಣಿಯ ಇಂಜಿನ್ನು ಅದಕ್ಕಿಂತ ದೊಡ್ಡದು, ನಿಧಾನದ್ದು. ಹೊಗೆ ಕೊಳವೆಯ ಬಾಯಿಗೆ ಡಬ್ಬಿ ಕಟ್ಟಿ ಅದರ ಕೂಗನ್ನು ಊರ ತುಂಬ ಕೇಳಿಸುತ್ತಿದ್ದರು. ಕೂಗು ಕೇಳಿದರೆ ಹೆಂಗಸರು ಜೋಳದ ಬುಟ್ಟಿ ಹೊತ್ತು ಹೊರಡುವರು. ಬ್ಯಾಡಗಿಯ ಕಡೆ ಇಂಥದೇ ಇಂಜಿನ್ನುಗಳು ಖಾರದಪುಡಿ ಕುಟ್ಟುತ್ತಿದ್ದವು. ಹಾದಿಯಲ್ಲಿ ಹೋಗುವವನಿಗೂ ಸೀನು.

ಸಂಜೆ ಹೊತ್ತಾದರೂ ಬೀಸುವುದು ಮುಗಿಯದಿದ್ದಾಗ ಯಾರೋ ಗಿರಣಿಯವನಿಗೆ ಹೊಳೆಯಿತು. ಗುಜರಿಗೆ ಬಂದ ಜೀಪಿನದೊಂದು ಡೈನಮೋ ತಂದು ಗಾಲಿಗೆ ಬೆಲ್ಟು ಹಾಕಿದರೆ ಒಂದು ಬಲ್ಬು ಹತ್ತುತ್ತದೆ. ಇಂಜಿನ್ನು ಕೆಮ್ಮಿದರೆ ಬಲ್ಬೂ ಮಂಕಾಗುವುದು, ಇಂಜಿನ್ನು ಓಡಿದರೆ ಬಲ್ಬು ಉರಿದು ಸುಟ್ಟೇಹೋಗುವುದು. ವೋಲ್ಟೇಜು ಅಂದರೇನು ಎಂದು ನಮ್ಮ ಹಳ್ಳಿಗರು ಕಲಿತದ್ದು ಶಾಲೆಯಲ್ಲಲ್ಲ, ಹೀಗೆ ಗಿರಣಿಯ ಬಲ್ಬು ನೋಡಿ.

ಚಾರ್ಜಿಂಗ್ ಅಂಗಡಿ

ಡೈನಮೋದ ಮೂಲ ಹಳೆಯದು. 1831ರಲ್ಲಿ ಮೈಕೆಲ್ ಫ್ಯಾರಡೆ ಕಾಂತದ ನಡುವೆ ತಂತಿ ಆಡಿಸಿ ಕರೆಂಟು ಹುಟ್ಟಿಸಿದ. 1859ರಲ್ಲಿ ಗ್ಯಾಸ್ಟನ್ ಪ್ಲಾಂಟೆ ಸೀಸದ ತಗಡನ್ನು ಗಂಧಕಾಮ್ಲದಲ್ಲಿ ಅದ್ದಿ, ತುಂಬಿಸಿ ಖಾಲಿಮಾಡಿ ಮತ್ತೆ ತುಂಬಿಸಬಹುದಾದ ಬ್ಯಾಟರಿ ಮಾಡಿದ. 1866-67ರ ಹೊತ್ತಿಗೆ ವರ್ನರ್ ಸೀಮೆನ್ಸ್ ಮುಂತಾದವರು ಹೊರಗಿನ ಕಾಂತವಿಲ್ಲದೆ, ಕಬ್ಬಿಣದಲ್ಲಿ ಉಳಿದಿರುವ ಚೂರು ಕಾಂತಶಕ್ತಿಯಿಂದಲೇ ತನ್ನನ್ನು ತಾನು ಎಬ್ಬಿಸಿಕೊಳ್ಳುವ ಡೈನಮೋ ತೋರಿಸಿದರು. ನಮ್ಮ ಕಸುಬೆಲ್ಲ ಈ ಮೂರರ ಮೇಲೇ ನಿಂತಿದೆ.

ಇವು ನಮ್ಮ ಕಡೆ ಬಂದದ್ದು ಪುಣೆ-ಬೆಂಗಳೂರು ರಸ್ತೆಯಲ್ಲಿ, ಲಾರಿಗಳ ಹೊಟ್ಟೆಯಲ್ಲಿ. 1954ರಿಂದ ಟಾಟಾದವರು ಜರ್ಮನಿಯ ಡೈಮ್ಲರ್ ಕಂಪನಿಯ ಜೊತೆ ಸೇರಿ ಮಾಡಿದ ಮೂರು ಮೂಲೆಯ ನಕ್ಷತ್ರದ ಲಾರಿಗಳು ಓಡತೊಡಗಿದವು. 1961ರಲ್ಲಿ ಮದರಾಸಿನಲ್ಲಿ ಡೈನಮೋ, ಸೆಲ್ಫ್ ಮೋಟಾರು ಮಾಡುವ ಲ್ಯೂಕಾಸ್-ಟಿವಿಎಸ್ ಕಂಪನಿ ಶುರುವಾಯಿತು. ಹೈವೇ ಬದಿಯಲ್ಲಿ ಪಂಕ್ಚರ್, ಪಾಟಾ, ಬಾಡಿ ಕೆಲಸದವರ ಸಾಲಿನಲ್ಲಿ ‘ಬ್ಯಾಟರಿ ಚಾರ್ಜಿಂಗ್’ ಎಂಬ ಬೋರ್ಡೂ ಎದ್ದಿತು.

ಚಾರ್ಜಿಂಗ್ ಅಂಗಡಿಗೆ ಲಾರಿಯವರಷ್ಟೇ ಬರುತ್ತಿರಲಿಲ್ಲ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಊರ ಗೌಡರ ಮನೆಯಲ್ಲೋ ಪಂಚಾಯಿತಿಯಲ್ಲೋ ಬ್ಯಾಟರಿ ರೇಡಿಯೊ ಕೂತವು. ಆಮೇಲೆ ಮೈಕ್ ಸೆಟ್ಟಿನವರು ಬಂದರು. ಅವರ ಆಂಪ್ಲಿಫೈಯರು 12 ವೋಲ್ಟ್ ಬ್ಯಾಟರಿಯ ಮೇಲೂ ಓಡುತ್ತಿತ್ತು. ಜಾತ್ರೆ, ಚುನಾವಣೆ, ಮದುವೆಯ ಹಂಗಾಮಿನಲ್ಲಿ ಅಂಗಡಿ ಮುಂದೆ ಬ್ಯಾಟರಿಗಳ ಸಾಲು. ಪ್ರತಿಯೊಂದರ ಮೇಲೆ ಸುಣ್ಣದ ಕಡ್ಡಿಯಿಂದ ಊರಿನ ಹೆಸರು: ಮೆಡ್ಲೇರಿ, ಹಲಗೇರಿ, ಮೋಟೆಬೆನ್ನೂರು, ಐರಣಿ. ರಾತ್ರಿಯಿಡೀ ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸಿ ಸಿರೀಸಿನಲ್ಲಿ ತುಂಬಿಸುತ್ತಿದ್ದರು. ಎಲ್ಲದರೊಳಗೂ ಒಂದೇ ಕರೆಂಟು ಹರಿಯಬೇಕು, ಅದೂ ನಿಧಾನಕ್ಕೆ. ಬೆಳಗಿನ ಹೊತ್ತಿಗೆ ಸೆಲ್ಲುಗಳು ಕುದಿಯುವ ಸದ್ದು, ಮೂಗಿಗೆ ಹುಳಿ ವಾಸನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಪೈಜಾಮದ ತುಂಬ ಆಸಿಡ್ಡಿನ ತೂತು. ‘ಸಂಬಳಕಿಂತ ಅರಿವಿಗೇ ಜಾಸ್ತಿ ಖರ್ಚಾತು’ ಎಂದು ಅವ್ವ ಬೈಯುತ್ತಿದ್ದಳು.

ನಮ್ಮ ಉಸ್ತಾದರು ಓದಿದವರಲ್ಲ. ಅವರ ಹತ್ತಿರ ಇದ್ದ ಸಾಮಾನು ಒಂದು ಟೆಸ್ಟ್ ಲ್ಯಾಂಪು, ಆಸಿಡ್ಡಿನ ಸಾಂದ್ರತೆ ನೋಡುವ ಗಾಜಿನ ಹೈಡ್ರೋಮೀಟರು, ಎರಡು ಕವಲಿನ ಸೆಲ್ ಟೆಸ್ಟರು, ಆಮೇಲೊಂದು ಮುಳ್ಳಿನ ಮೀಟರು. ಆದರೆ ಕೆಲಸಕ್ಕೆ ಒಂದು ಕ್ರಮ ಇತ್ತು. ‘ಮೊದ್ಲ ಕಣ್ಣೀಲೆ ನೋಡು, ಆಮ್ಯಾಲ ಕೈಲೆ ಮುಟ್ಟು, ಕಡೀಕ ಮೀಟರ್ ಹಚ್ಚು’ ಅನ್ನುವರು. ಮೊದಲೇ ಮೀಟರ್ ಹಿಡಿದ ಹುಡುಗನಿಗೆ ಪಾನಾದ ಹಿಡಿಕೆಯಿಂದ ಬೆನ್ನಿಗೊಂದು ಬೀಳುತ್ತಿತ್ತು.

ಡೈನಮೋ ಚಾರ್ಜು ಮಾಡುತ್ತಿಲ್ಲ ಎಂದು ಲಾರಿ ಬಂದರೆ ಉಸ್ತಾದರು ಡೈನಮೋಕ್ಕೂ ಬ್ಯಾಟರಿಗೂ ನಡುವಿನ ಕಟೌಟ್ ಪೆಟ್ಟಿಗೆಯನ್ನು ಮೊದಲು ಮುಟ್ಟುತ್ತಿರಲಿಲ್ಲ. ಬೆಲ್ಟು ಒತ್ತಿ ನೋಡುವರು. ಸರಿಯಿದ್ದರೆ ಡೈನಮೋದ ‘ಡಿ’ ಮತ್ತು ‘ಎಫ್’ ಎರಡೂ ವೈರು ಬಿಚ್ಚಿ, ಆ ಎರಡು ಪೋಸ್ಟುಗಳನ್ನು ಒಂದು ತುಂಡು ತಂತಿಯಿಂದ ಕೂಡಿಸಿ, ಅಲ್ಲಿಂದ ಡೈನಮೋದ ಮೈಗೆ ಮೀಟರ್ ಹಚ್ಚುವರು. ಇಂಜಿನ್ನಿನ ವೇಗ ಮೆಲ್ಲಗೆ ಏರಿಸಿದಾಗ ಮುಳ್ಳು ತಡೆಯಿಲ್ಲದೆ 20 ವೋಲ್ಟಿನ ತನಕ ಏರಿದರೆ ಡೈನಮೋ ನಿರ್ದೋಷಿ, ತಪ್ಪು ಕಟೌಟಿನದು. ಏರದಿದ್ದರೆ ಕಾರ್ಬನ್ ಸವೆದಿದೆ, ಇಲ್ಲವೇ ಕಾಯಿಲ್ ಸುಟ್ಟಿದೆ. ಮಳೆಗಾಲವಿಡೀ ನಿಂತ ಗಾಡಿಯಾದರೆ ಇನ್ನೊಂದು ಕಾರಣವೂ ಉಂಟು. ಕಬ್ಬಿಣದಲ್ಲಿ ಉಳಿದಿರಬೇಕಾದ ಚೂರು ಕಾಂತಶಕ್ತಿ ಆರಿಹೋಗಿರುತ್ತದೆ. ಆಗ ಬ್ಯಾಟರಿಯಿಂದ ‘ಎಫ್’ ಅಂದರೆ ಫೀಲ್ಡ್ ಪೋಸ್ಟಿಗೆ ಒಂದು ಕ್ಷಣ ಕರೆಂಟು ಮುಟ್ಟಿಸಿದರೆ ಡೈನಮೋ ಮತ್ತೆ ಎದ್ದುಕೊಳ್ಳುತ್ತದೆ. ಇಷ್ಟನ್ನೂ ಅವರು ಒಂದು ಬೀಡಿ ಮುಗಿಯುವುದರೊಳಗೆ ಮಾಡುತ್ತಿದ್ದರು.

ಕುಲುಮೆಯಿಂದ ಹೋಲ್ಡರಿಗೆ

ಇತ್ತ ಕಂಬಾರರ ಕುಲುಮೆಯಲ್ಲೂ ಕಾಲ ಬದಲಾಗುತ್ತಿತ್ತು. ಮೊದಲು ಬಂಡಿಯ ಗಾಲಿಗೆ ಹಳಿ ಕಟ್ಟುವುದೆಂದರೆ ದೊಡ್ಡ ಕೆಲಸ. ಸುತ್ತ ಬೆರಣಿ ಒಟ್ಟಿ, ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ, ಬಡಿಗ ಮಾಡಿದ ಗಾಲಿಗೆ ತೊಡಿಸಿ ನೀರು ಹುಯ್ಯುತ್ತಿದ್ದರು. ರಬ್ಬರ್ ಟಾಯರಿನ ಬಂಡಿ, ಆಮೇಲೆ ಟ್ರ್ಯಾಕ್ಟರಿನ ಟ್ರೇಲರು ಬಂದಂತೆ ಆ ಕೆಲಸ ತಗ್ಗಿತು. ಕೂರಿಗೆ, ಕುಂಟೆ, ರಂಟೆಗಳೂ ಮರ ಬಿಟ್ಟು ಕಬ್ಬಿಣದವಾದವು. ಬಡಿದು ಕೂಡಿಸುತ್ತಿದ್ದ ಕೈಗಳು ಸುಟ್ಟು ಕೂಡಿಸುವುದನ್ನು ಕಲಿಯಬೇಕಾಯಿತು.

ಕರೆಂಟಿನ ಬೆಸುಗೆ ಹುಟ್ಟಿದ್ದೇ ಬ್ಯಾಟರಿಯಿಂದ ಎಂದರೆ ಈಗಿನ ವೆಲ್ಡರುಗಳು ನಂಬುವುದಿಲ್ಲ. ರಷ್ಯಾದ ನಿಕೊಲಾಯ್ ಬೆನಾರ್ಡೋಸ್ 1881ರ ಹೊತ್ತಿಗೆ ಇಂಗಾಲದ ಕಡ್ಡಿಯಿಂದ ಕಿಡಿ ಎಬ್ಬಿಸಿ ಕಬ್ಬಿಣ ಕೂಡಿಸಿದ. ಆ ಕಾಲದ ಡೈನಮೋ ಅಷ್ಟು ಕರೆಂಟನ್ನು ಒಮ್ಮೆಲೇ ಕೊಡಲಾರದು. ಅದಕ್ಕೆ ಅವನು ಡೈನಮೋದಿಂದ ಸೀಸದ ಬ್ಯಾಟರಿಗಳ ಸಾಲನ್ನು ತುಂಬಿಸಿಕೊಂಡು, ಆ ಸಾಲಿನಿಂದ ಬೆಸೆಯುತ್ತಿದ್ದ. 1904ರಲ್ಲಿ ಸ್ವೀಡನ್ನಿನ ಆಸ್ಕರ್ ಶೆಲ್‌ಬರ್ಗ್ ಕಂಪನಿ ಕಟ್ಟಿದ. ಲೇಪ ಹಚ್ಚಿದ ವೆಲ್ಡಿಂಗ್ ರಾಡು ಅವನ ಕೊಡುಗೆ. ನಮ್ಮ ದೇಶದಲ್ಲಿ 1951ರಲ್ಲಿ ಅಡ್ವಾಣಿ-ಓರ್ಲಿಕಾನ್ ಮುಂಬಯಿಯಲ್ಲಿ ಶುರುವಾಯಿತು. ‘ಓರ್ಲಿಕಾನ್ ಕಡ್ಡಿ’ ಎನ್ನುವುದು ನಮ್ಮ ಹುಡುಗರ ಬಾಯಲ್ಲಿ ಎಷ್ಟೋ ವರ್ಷ ವೆಲ್ಡಿಂಗ್ ರಾಡಿನ ಹೆಸರೇ ಆಗಿತ್ತು.

ಐರಣಿಯ ಸುತ್ತಲಿನ ಹುಡುಗರಿಗೆ ವೆಲ್ಡಿಂಗ್ ಕೈಗೆ ಹತ್ತಿದ್ದು ಹರಿಹರ, ಕುಮಾರಪಟ್ಟಣಗಳಲ್ಲಿ. ಹರಿಹರದ ಲೇತ್ ಕಾರ್ಖಾನೆ ಆಗಲೇ ಇತ್ತು. 1972ರಲ್ಲಿ ನಮ್ಮ ತಾಲ್ಲೂಕಿನ ಕುಮಾರಪಟ್ಟಣದಲ್ಲಿ ಹರಿಹರ್ ಪಾಲಿಫೈಬರ್ಸ್ ಶುರುವಾಯಿತು. ಆ ಕಾರ್ಖಾನೆ ಹೊಳೆಯ ನೀರಿಗೆ ಏನು ಮಾಡಿತು, ಎಂಬತ್ತರ ದಶಕದಲ್ಲಿ ಅದರ ವಿರುದ್ಧ ಎಂಥ ಹೋರಾಟ ನಡೆಯಿತು ಎನ್ನುವುದು ಬೇರೆಯೇ ಕಥೆ. ಕಸುಬಿನ ಮಟ್ಟಿಗೆ ಹೇಳುವುದಾದರೆ, ಕಂತ್ರಾಟುದಾರರ ಕೈಕೆಳಗೆ ಪೈಪು ಬೆಸೆದ ಹುಡುಗರು ಊರಿಗೆ ಮರಳಿ ಸ್ವಂತ ವೆಲ್ಡಿಂಗ್ ಶಾಪು ಹಾಕಿದರು.

ಶಾಪಿಗೆ ತ್ರೀ ಫೇಸ್ ಕರೆಂಟು ಸಿಕ್ಕಿತು. ಹೊಲದಲ್ಲಿ? ಹೊಳೆಯಿಂದ ಮೈಲುಗಟ್ಟಲೆ ಎಳೆದ ನೀರಾವರಿ ಪೈಪು ನಡುದಾರಿಯಲ್ಲಿ ಒಡೆದರೆ ಅಲ್ಲಿ ಕಂಬವಿಲ್ಲ. ಕಂಬವಿದ್ದರೆ ತ್ರೀ ಫೇಸ್ ಇರುವ ಹೊತ್ತಲ್ಲ. ಅದಕ್ಕೇ ಇಂಜಿನ್ ವೆಲ್ಡಿಂಗ್ ಮಷೀನು. ಎರಡು ಗಾಲಿಯ ಚೌಕಟ್ಟಿನ ಮೇಲೆ ಡೀಸೆಲ್ ಇಂಜಿನ್ನು, ಅದರ ಮೂತಿಗೆ ಡಿಸಿ ಜನರೇಟರು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದೊಯ್ದರೆ ಆಯಿತು. ಸುಮ್ಮನಿದ್ದಾಗ ಅದರ ಬಾಯಲ್ಲಿ 60ರಿಂದ 80 ವೋಲ್ಟು. ರಾಡು ತಾಗಿಸಿ ಕಿಡಿ ಹತ್ತಿದರೆ ವೋಲ್ಟೇಜು 20-30ಕ್ಕೆ ಇಳಿದು ಕರೆಂಟು ನೂರು ಆಂಪಿಯರ್ ದಾಟುತ್ತದೆ.

ಮೊದಲಿನವು ಹ್ಯಾಂಡಲಿನವು. ಆಮೇಲೆ ಸೆಲ್ಫ್ ಸ್ಟಾರ್ಟ್ ಬಂತು. ಅದಕ್ಕೊಂದು 12 ವೋಲ್ಟ್ ಬ್ಯಾಟರಿ, ಬ್ಯಾಟರಿ ತುಂಬಿಸಲು ಬೆಲ್ಟಿನ ಮೇಲೊಂದು ಸಣ್ಣ ಡೈನಮೋ ಬಂದವು. ಇಂಜಿನ್ನು ಎಬ್ಬಿಸಲು ಸೆಲ್ಫ್ ಮೋಟಾರು 200 ಆಂಪಿಯರ್ ಎಳೆದರೂ ಎಳೆಯುವುದು ಐದು ಸೆಕೆಂಡು. ಅಷ್ಟನ್ನು ವಾಪಸು ತುಂಬಿಸಲು 15 ಆಂಪಿಯರಿನ ಡೈನಮೋಕ್ಕೆ ಒಂದು ನಿಮಿಷದ ಕೆಲಸ, ಅಬ್ಬಬ್ಬಾ ಎಂದರೆ ಎರಡು. ಮಷೀನು ಮಾಡಿದವರು ಲೆಕ್ಕ ಹಾಕಿದ್ದು ಅಷ್ಟಕ್ಕೇ. ಆ ಬ್ಯಾಟರಿಗೆ ಬೇರೆ ಯಾವುದೋ ಹೊರೆ ಬಂದು ಕೂರುತ್ತದೆ ಎಂದು ಅವರು ಕನಸಲ್ಲೂ ಎಣಿಸಿರಲಿಕ್ಕಿಲ್ಲ.

ಪೀಂ ಪೀಂ

ಆ ಹೊರೆಯೇ ಇನ್ವರ್ಟರ್. ಅದರ ಹುಟ್ಟು ಲೋಡ್ ಶೆಡ್ಡಿಂಗಿನದು. ತೊಂಬತ್ತರ ದಶಕದಲ್ಲಿ ರಾಣೇಬೆನ್ನೂರು, ಬ್ಯಾಡಗಿಗಳಲ್ಲಿ ಸಂಜೆಯಾದರೆ ಯಾವ ಓಣಿಗೆ ಯಾವ ಹೊತ್ತು ಕರೆಂಟು ಎಂದು ಕೇಳಿಕೊಂಡು ಅಡಿಗೆ ಮಾಡಬೇಕಿತ್ತು. ಎಸ್‌ಟಿಡಿ ಬೂತು, ಝೆರಾಕ್ಸ್ ಅಂಗಡಿ, ದವಾಖಾನೆಗಳು ಮೊದಲು ಇನ್ವರ್ಟರ್ ಇಟ್ಟವು. ಬ್ಯಾಡಗಿ ಮಾರುಕಟ್ಟೆಗೆ ಇಲೆಕ್ಟ್ರಾನಿಕ್ ತಕ್ಕಡಿ, ಇ-ಟೆಂಡರಿನ ಕಂಪ್ಯೂಟರು ಬಂದ ಮೇಲೆ ದಲಾಲಿ ಅಂಗಡಿಗಳಿಗೂ ಅದು ಬೇಕೇಬೇಕಾಯಿತು. 1997ರಲ್ಲಿ ಹಾವೇರಿ ಜಿಲ್ಲೆಯಾಯಿತು, 2002ರಲ್ಲಿ ಕರೆಂಟು ಹಂಚಲು ಹೆಸ್ಕಾಂ ಬಂತು. ಇನ್ವರ್ಟರ್ ಮಾತ್ರ ಮನೆ ಬಿಟ್ಟು ಹೋಗಲಿಲ್ಲ. ನಮ್ಮ ಚಾರ್ಜಿಂಗ್ ಅಂಗಡಿಗೆ ಅದರಿಂದ ಇನ್ನೊಂದು ಸುತ್ತು ಬದುಕು ಸಿಕ್ಕಿತು.

12 ವೋಲ್ಟನ್ನು 230 ಮಾಡುವ ಪೆಟ್ಟಿಗೆ ಅಗ್ಗವಾದ ಮೇಲೆ ಅದು ಹೊಲಕ್ಕೂ ನಡೆಯಿತು. ಹಳೆಯ ಡಿಸಿ ವೆಲ್ಡಿಂಗ್ ಮಷೀನಿನಲ್ಲಿ ಮನೆಯ ಕರೆಂಟಿನಂಥ 230 ವೋಲ್ಟ್ ಎಸಿ ಇರುವುದಿಲ್ಲ. ಆದರೆ ಪೈಪಿನ ಅಂಚು ಉಜ್ಜಲು ಗ್ರೈಂಡರ್ ಬೇಕು, ಕತ್ತಲಾದರೆ ಲೈಟು ಬೇಕು. ಸ್ಟಾರ್ಟಿಂಗ್ ಬ್ಯಾಟರಿಗೇ ಇನ್ವರ್ಟರ್ ಕಚ್ಚಿಸಿದರೆ ಕೆಲಸವಾಗುತ್ತದಲ್ಲ ಎಂಬುದು ಹುಡುಗರ ಎಣಿಕೆ.

ಊರಿನ ಕಂಬಾರರ ಮನೆಯ ಹುಡುಗನೊಬ್ಬ ಹೀಗೇ ಮಾಡಿಕೊಂಡಿದ್ದ. ಹೊಳೆದಂಡೆಯ ಪೈಪ್‌ಲೈನಿನ ಕೆಲಸದಲ್ಲಿ ಸಿಕ್ಕಿಬಿದ್ದು ನನ್ನನ್ನು ಕರೆಸಿದ.

‘ಕಾಕಾ, ಗ್ರೈಂಡರ್ ಹಚ್ಚಿದ್ರ ಸಾಕು ಇನ್ವರ್ಟರ್ ಪೀಂ ಪೀಂ ಅಂತ ಒದರಿ ಬಂದ್ ಆಗತೈತಿ. ಬ್ಯಾಟ್ರಿ ನೋಡಿದ್ರ ಹೊಸಾದು.’

‘ಬ್ಯಾಟ್ರಿ ಹೊಸಾದಾದ್ರ ಆತೇನೋ ತಮ್ಮಾ? ಅದನ್ನ ತುಂಬಸಾಂವ ಯಾರು, ತಗಿಯಾಂವ ಯಾರು, ಅದನ್ನ ಮೊದ್ಲ ಹೇಳು.’

ಉಸ್ತಾದರ ಕ್ರಮದಲ್ಲೇ ಹೊರಟೆ. ಮೊದಲು ಕಣ್ಣು. ಬೆಲ್ಟಿನ ಒಳಮೈ ಮಿರಿಮಿರಿ ಹೊಳೆಯುತ್ತಿದ್ದರೆ ಜಾರುತ್ತಿದೆ ಎಂದರ್ಥ, ಇವನದು ಸರಿಯಿತ್ತು. ಬ್ಯಾಟರಿಯ ಪೋಸ್ಟುಗಳಿಗೆ ಬಿಳಿ ಪುಡಿ ಹಿಡಿದಿರಲಿಲ್ಲ. ಆದರೆ ಇನ್ವರ್ಟರನ್ನು ಡೀಸೆಲ್ ತಾಗದಿರಲಿ ಎಂದು ದೂರದ ಮರದ ಬುಡದಲ್ಲಿಟ್ಟು, ನಾಲ್ಕು ಮೀಟರ್ ಉದ್ದದ 6 ಚದರ ಮಿಲಿಮೀಟರಿನ ಮನೆ ವೈರಿಂಗಿನ ತಂತಿ ಎಳೆದಿದ್ದ. ಆಮೇಲೆ ಕೈ. ಗ್ರೈಂಡರ್ ಓಡಿಸಿ ನಿಲ್ಲಿಸಿ ವೈರು ಮುಟ್ಟಿದರೆ ಬಿಸಿ. ಕಡೆಗೆ ಮೀಟರು.

ಮೊದಲ ಓದು ಇಂಜಿನ್ನು ಬಂದ್ ಮಾಡಿ, ಬ್ಯಾಟರಿ ತಣ್ಣಗಾದ ಮೇಲೆ. ತುಂಬಿದ ಬ್ಯಾಟರಿಯ ಆರು ಸೆಲ್ಲು ಸೇರಿ 12.6ರಿಂದ 12.7 ವೋಲ್ಟು ತೋರಿಸಬೇಕು. 12.2 ಅಂದರೆ ಅರ್ಧ, 12ರ ಕೆಳಗೆ ಹೋದರೆ ಖಾಲಿ. ಇವನದು 12.5. ಎರಡನೆಯ ಓದು ಇಂಜಿನ್ನನ್ನು ಪೂರ್ತಿ ವೇಗದಲ್ಲಿಟ್ಟು, ಇನ್ವರ್ಟರ್ ಬಂದ್ ಮಾಡಿ. 13.8ರಿಂದ 14.4ರ ನಡುವೆ ಬಂದರೆ ಚಾರ್ಜಿಂಗ್ ಸರಿ. ಮುಳ್ಳು ಏರದೇ ಇದ್ದರೆ ಕಾರ್ಬನ್, ಫೀಲ್ಡು, ರೆಗ್ಯುಲೇಟರ್ ನೋಡಬೇಕು. 15 ದಾಟಿದರೆ ರೆಗ್ಯುಲೇಟರ್ ಅಂಟಿಕೊಂಡಿದೆ. ಬ್ಯಾಟರಿಯ ನೀರು ಕುದಿದು ಆರುತ್ತದೆ, ಇನ್ವರ್ಟರ್ ವೋಲ್ಟೇಜು ಹೆಚ್ಚಾಯಿತೆಂದು ಬಂದ್ ಆಗುತ್ತದೆ. ಡೈನಮೋದ ಬದಲು ಆಲ್ಟರ್ನೇಟರ್ ಇರುವ ಮಷೀನಾದರೆ ಮೀಟರನ್ನು ಎಸಿಗೆ ತಿರುಗಿಸಿಯೂ ಒಮ್ಮೆ ನೋಡಬೇಕು. ಬ್ಯಾಟರಿಯ ಮೇಲೆ ಅರ್ಧ ವೋಲ್ಟಿಗಿಂತ ಹೆಚ್ಚು ಎಸಿ ಕಂಡರೆ ಡಯೋಡಿನ ಮೇಲೆ ಸಂಶಯ. ಇವನದು 14.1. ಡೈನಮೋ ನಿರ್ದೋಷಿ.

ಮೂರನೆಯ ಓದು ಗ್ರೈಂಡರ್ ಓಡುತ್ತಿರುವಾಗ, ಎರಡು ಜಾಗದಲ್ಲಿ. ಬ್ಯಾಟರಿಯ ಪೋಸ್ಟಿನಲ್ಲಿ 12.0. ಇನ್ವರ್ಟರಿನ ಬಾಯಲ್ಲಿ 10.3. ಮಧ್ಯದ 1.7 ವೋಲ್ಟನ್ನು ವೈರೇ ತಿಂದಿತ್ತು. ಗ್ರೈಂಡರ್ 650 ವ್ಯಾಟಿನದು. ಇನ್ವರ್ಟರಿನ ನಷ್ಟ ಸೇರಿಸಿದರೆ 12 ವೋಲ್ಟಿನ ಕಡೆ 70 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಹೋಗಿ ಬರುವ ಎಂಟು ಮೀಟರ್ ತೆಳು ತಂತಿ ಅಷ್ಟನ್ನು ತಡೆದುಕೊಳ್ಳುತ್ತದೆಯೇ? ಸಾಮಾನ್ಯವಾಗಿ ಈ ಪೆಟ್ಟಿಗೆಗಳು 10.5ಕ್ಕೆ ಇಳಿದರೆ ತಾವೇ ಬಂದ್ ಆಗುತ್ತವೆ. ತಮಾಷೆಯೆಂದರೆ, ಅವನ ಟ್ರಾಲಿಯ ಮೇಲೇ ಹೆಬ್ಬೆರಳು ದಪ್ಪದ, 35 ಚದರ ಮಿಲಿಮೀಟರಿನ ವೆಲ್ಡಿಂಗ್ ಕೇಬಲ್ಲಿನ ಸುರುಳಿ ಬಿದ್ದಿತ್ತು. ಅದರದೇ ಎರಡು ತುಂಡು ಕತ್ತರಿಸಿ, ಲಗ್ ಒತ್ತಿ, ಬ್ಯಾಟರಿಯ ಕಡೆಗೊಂದು ಫ್ಯೂಜು ಹಾಕಿ, ಇನ್ವರ್ಟರನ್ನು ಟ್ರಾಲಿಗೇ ಬಿಗಿಸಿದೆವು. 1.7 ಇದ್ದ ನಷ್ಟ 0.1ಕ್ಕೆ ಬಂತು.

ನಾಲ್ಕನೆಯ ಓದು ಎಲ್ಲರೂ ಮರೆಯುವಂಥದ್ದು. ವೆಲ್ಡಿಂಗ್ ನಿಲ್ಲಿಸಿ ಗ್ರೈಂಡರ್ ಹಿಡಿಯುವಾಗ ಹುಡುಗ ಡೀಸೆಲ್ ಉಳಿಸಲು ಇಂಜಿನ್ನಿನ ವೇಗ ತಗ್ಗಿಸುತ್ತಿದ್ದ. ಆಗ ಡೈನಮೋ ಕೊಡುವುದು ಬಹುತೇಕ ಏನೂ ಇಲ್ಲ. ಹೊಸ ಮಾದರಿಯ ಮಷೀನುಗಳಲ್ಲಿ ಈ ಕೆಲಸವನ್ನು ಯಂತ್ರವೇ ಮಾಡುತ್ತದೆ. ವೆಲ್ಡಿಂಗ್ ಕರೆಂಟು ನಿಂತದ್ದು ಕಂಡರೆ ತಾನೇ ವೇಗ ಇಳಿಸುತ್ತದೆ. ಬ್ಯಾಟರಿಯಿಂದ ಇನ್ವರ್ಟರ್ ಎಳೆಯುತ್ತಿರುವುದು ಅದಕ್ಕೆ ಕಾಣುವುದೇ ಇಲ್ಲ. ಹೆಚ್ಚು ಬೇಕಾದ ಹೊತ್ತಿನಲ್ಲೇ ಕಡಿಮೆ ಹುಟ್ಟುತ್ತದೆ.

ಲೆಕ್ಕ

ಹುಡುಗನಿಗೆ ಕೂರಿಸಿ ಹೇಳಿದೆ: ಬ್ಯಾಟರಿ ಅಂದರೆ ಕೆರೆ, ಡೈನಮೋ ಅಂದರೆ ಅದಕ್ಕೆ ಬರುವ ಹಳ್ಳ, ಇನ್ವರ್ಟರ್ ಅಂದರೆ ತೂಬು. ದಪ್ಪ ಕೇಬಲ್ ಹಾಕಿದ ಮೇಲೂ ಗ್ರೈಂಡರ್ ಓಡುವಾಗ ಸುಮಾರು 64 ಆಂಪಿಯರ್ ಹೋಗುತ್ತದೆ, ಬರುವುದು 15. ಬಿಡದೆ ಓಡಿಸಿದರೆ ಯಾವ ಹೊಸ ಬ್ಯಾಟರಿಯೂ ಬಾಳುವುದಿಲ್ಲ. ಆದರೆ ಗ್ರೈಂಡರ್ ಯಾರೂ ಬಿಡದೆ ಓಡಿಸುವುದಿಲ್ಲವಲ್ಲ. ಗಂಟೆಯಲ್ಲಿ ಕಾಲು ಭಾಗ ಓಡಿದರೆ ಹೋದದ್ದು 16 ಆಂಪಿಯರ್-ಗಂಟೆ. ಇಂಜಿನ್ನನ್ನು ಪೂರ್ತಿ ವೇಗದಲ್ಲಿಟ್ಟರೆ ಬಂದದ್ದು 15. ಹೆಚ್ಚುಕಡಿಮೆ ಸರಿಹೋಗುತ್ತದೆ. ಇನ್ನೂ ಹೆಚ್ಚು ಬೇಕಾದರೆ ಸಣ್ಣ ಡೈನಮೋ ತೆಗೆದು ಕಾರಿನದೋ ಲಾರಿಯದೋ ದೊಡ್ಡ ಆಲ್ಟರ್ನೇಟರ್ ಕೂರಿಸಬೇಕು.

ಎರಡು ಎಚ್ಚರಿಕೆಯನ್ನೂ ಹೇಳಿದೆ. ಬ್ಯಾಟರಿ ಬೇಗ ತುಂಬಲಿ ಎಂದು ವೆಲ್ಡಿಂಗ್ ಪೋಸ್ಟಿಗೇ ಅದನ್ನು ಕಚ್ಚಿಸುವವರಿದ್ದಾರೆ. 70 ವೋಲ್ಟಿನ ಬಾಯಿಗೆ 12 ವೋಲ್ಟಿನ ಬ್ಯಾಟರಿ ಕೊಟ್ಟರೆ ಕುದಿದು, ಒಳಗೆ ತುಂಬಿದ ಹೈಡ್ರೋಜನ್‌ಗೆ ಒಂದು ಕಿಡಿ ತಾಗಿದರೆ ಸಿಡಿದು, ಆಸಿಡ್ಡು ಮುಖಕ್ಕೇ. ಹಿಂದೆ ಬೆನಾರ್ಡೋಸ್ ಬಳಸಿದ್ದು ಬ್ಯಾಟರಿಗಳ ಇಡೀ ಸಾಲನ್ನು, ನಮ್ಮ ಉಸ್ತಾದರು ತುಂಬಿಸುತ್ತಿದ್ದದ್ದೂ ಸಾಲನ್ನೇ, ಒಂಟಿ ಬ್ಯಾಟರಿಯನ್ನಲ್ಲ. ಇನ್ನೊಂದು, ಬೆಸೆಯುವಾಗ ಅರ್ಥಿಂಗ್ ಕ್ಲಾಂಪು ಸಡಿಲವಿದ್ದರೆ ವೆಲ್ಡಿಂಗ್ ಕರೆಂಟು ಟ್ರಾಲಿಯ ಮೈಯಲ್ಲಿ, ಬ್ಯಾಟರಿಯ ನೆಗೆಟಿವ್ ವೈರಿನಲ್ಲಿ ಅಡ್ಡದಾರಿ ಹುಡುಕಬಹುದು. ಆ ಹೊತ್ತಿನಲ್ಲಿ ಇನ್ವರ್ಟರ್ ಬಿಚ್ಚಿಟ್ಟರೆ ಕ್ಷೇಮ.

ಆ ಟ್ರಾಲಿಯನ್ನು ನೋಡುವಾಗ ನನಗೆ ಕಂಡದ್ದು ಕೆಟ್ಟ ಯಂತ್ರವಲ್ಲ. ನೀರೆತ್ತುವ ಕಾಲದ ಇಂಜಿನ್ನು, ಲಾರಿ ಕಾಲದ ಡೈನಮೋ, ಲೋಡ್ ಶೆಡ್ಡಿಂಗ್ ಕಾಲದ ಇನ್ವರ್ಟರು, ಮೂರೂ ಒಂದೇ ಚೌಕಟ್ಟಿನ ಮೇಲಿದ್ದವು. ಪ್ರತಿಯೊಂದೂ ತನ್ನ ಕಾಲಕ್ಕೆ ಸರಿಯಾಗಿಯೇ ಇತ್ತು. ಕೆಟ್ಟದ್ದು ಕಾಲಕ್ಕೂ ಕಾಲಕ್ಕೂ ನಡುವಿನ ಜೋಡಣೆ. ನನ್ನ ಅನುಭವದಲ್ಲಿ ಚಾರ್ಜಿಂಗ್ ತಕರಾರುಗಳಲ್ಲಿ ಹೆಚ್ಚಿನವು ಹೀಗೇ. ಸಾಮಾನು ಬದಲಿಸಿದರೆ ಹೋಗುವುದಿಲ್ಲ, ಜೋಡಣೆ ನೋಡಿದರೆ ಹೋಗುತ್ತವೆ.

ಚಾರ್ಜಿಂಗ್ ಅಂಗಡಿಗಳು ಈಗ ಅಪರೂಪ. 2001ರ ಬ್ಯಾಟರಿ ನಿಯಮಗಳು, ಆಮೇಲೆ 2022ರವು, ಹಳೆಯ ಬ್ಯಾಟರಿ ಎಲ್ಲಿಗೆ ಹೋಗಬೇಕೆಂದು ಕಟ್ಟು ಹಾಕಿವೆ. ಓಣಿಯಲ್ಲಿ ಸೀಸ ಕರಗಿಸಿ ಪ್ಲೇಟು ಬದಲಿಸುತ್ತಿದ್ದ ಕೆಲಸ ನಿಲ್ಲಬೇಕಾದದ್ದೇ. ಸೀಸದ ಹೊಗೆ ಕುಡಿದು ಸೊರಗಿದವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಸೀಲ್ ಮಾಡಿದ ಬ್ಯಾಟರಿಗೆ ನೀರು ಹಾಕುವ ಹಾಗಿಲ್ಲ, ಹೈಡ್ರೋಮೀಟರು ಇಳಿಸಲು ಬಾಯಿಯಿಲ್ಲ. ಆದರೆ ಆ ಅಂಗಡಿಗಳ ಜೊತೆ ಒಂದು ಅಭ್ಯಾಸವೂ ಹೋಯಿತು. ತಂತಿ ಬಂದ ಮೇಲೆ ನಾವು ಕರೆಂಟಿಗೆ ಕೊನೆಯಿಲ್ಲ ಎಂದುಕೊಂಡೆವು. ಸ್ವಿಚ್ಚು ಒತ್ತುವವನಿಗೆ ಎಷ್ಟು ಹುಟ್ಟುತ್ತಿದೆ, ಎಷ್ಟು ಹೋಗುತ್ತಿದೆ ಎಂದು ಕೇಳುವ ಅಗತ್ಯ ಬೀಳಲಿಲ್ಲ. ಹುಡುಗ ಹೊಸ ಬ್ಯಾಟರಿ ಕೊಂಡು ನೆಮ್ಮದಿಯಾಗಿದ್ದದ್ದು ಅದಕ್ಕೇ.

ಈಗ ಹೊಲಗಳಿಗೆ, ಮಾಳಿಗೆಗಳಿಗೆ ಸೋಲಾರ್ ಬರುತ್ತಿದೆ. ಮತ್ತೆ ಬ್ಯಾಟರಿ, ಮತ್ತೆ ಇನ್ವರ್ಟರ್, ಮತ್ತೆ ಕರೆಂಟು ತನ್ನ ಕಣ್ಣೆದುರೇ ಹುಟ್ಟುವ ಮನೆ. ಹಳೆಯ ಚಾರ್ಜಿಂಗ್ ಅಂಗಡಿಯವರ ಮಕ್ಕಳಲ್ಲಿ ಕೆಲವರು ಈ ಕೆಲಸಕ್ಕೆ ಇಳಿದಿದ್ದಾರೆ. ಗಿರಾಕಿ ಬಂದು ಪ್ಯಾನೆಲ್ಲಿನ ರೇಟು ಕೇಳಿದರೆ ಅವರು ರೇಟು ಹೇಳುವುದಿಲ್ಲ. ‘ಏನೇನು ನಡೀಬೇಕ್ರಿ, ಎಷ್ಟೊತ್ತು ನಡೀಬೇಕು’ ಎಂದು ಮೊದಲು ಕೇಳುತ್ತಾರೆ. ಹೊಳೆಯ ಈಚೆ ದಡದಲ್ಲಿ ತಂತಿಯಿಲ್ಲದೆ ಕಳೆದ ವರ್ಷಗಳು ನಮ್ಮ ಕಸುಬಿಗೆ ಕಲಿಸಿಕೊಟ್ಟ ಮೊದಲ ಪಾಠ ಆ ಪ್ರಶ್ನೆ. ಅದಕ್ಕೆ ಉತ್ತರ ಸಿಗದೆ ಮೀಟರ್ ಹಚ್ಚಿದರೆ ಪ್ರಯೋಜನವಿಲ್ಲ.